ಬನ್ನೂರಿನ ಪಾಲು ಎಲ್ಲಿ ಹೋಯಿತು?

ಬನ್ನೂರು ಕಡೆ ರಸ್ತೆಯ ಗುದ್ದಲಿಪೂಜೆಯಿರಲಿ, ಸಹಕಾರ ಸಂಘದ ವಾರ್ಷಿಕ ಸಭೆಯಿರಲಿ, ವೇದಿಕೆಯಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ನಮ್ಮದು ಹಿಂದುಳಿದ ಭಾಗ. ಅಭಿವೃದ್ಧಿ ಇಲ್ಲಿಗೆ ತಲುಪುವುದು ತಡವಾಯಿತು. ಹೊರಗಿನಿಂದ ಬಂಡವಾಳ ಬರಲಿ, ಒಂದೆರಡು ಕಾರ್ಖಾನೆ ಆಗಲಿ, ಎಲ್ಲ ಸರಿಹೋಗುತ್ತದೆ.’ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಮಂತ್ರಿಗಳು ರಾಜ್ಯದ ಬಗ್ಗೆ ಹೇಳುವುದೂ ಇದನ್ನೇ. ಅಂತಾರಾಷ್ಟ್ರೀಯ ಸಂಸ್ಥೆಗಳ ತಜ್ಞರು ಬಡ ದೇಶಗಳ ಬಗ್ಗೆ ಹೇಳುವುದೂ ಇದನ್ನೇ. ಊರಿನ ಮಟ್ಟದಲ್ಲಿ ಸಮಾಧಾನದಂತೆ ಕೇಳುವ ಮಾತು ದೇಶದ ಮಟ್ಟದಲ್ಲಿ ನೀತಿಯಾಗುತ್ತದೆ. ಈ ಮಾತು ಸುಳ್ಳು ಎಂಬುದು ನನ್ನ ವಾದ. ಅದು ಯಾಕೆ ಸುಳ್ಳು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ಬನ್ನೂರು ಸೇರಿದ ಟಿ. ನರಸೀಪುರ ತಾಲ್ಲೂಕುಗಳ ಲೆಕ್ಕವನ್ನು ಸರಿಯಾಗಿ ನೋಡಿದರೆ ಸಾಕು.

ಈ ನಂಬಿಕೆಗೆ ಪುಸ್ತಕದ ಆಧಾರವೂ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟ್ ರೋಸ್ಟೋ 1960ರಲ್ಲಿ ಇದನ್ನು ಸಿದ್ಧಾಂತವಾಗಿ ಬರೆದ. ಎಲ್ಲ ಸಮಾಜಗಳೂ ಒಂದೇ ದಾರಿಯಲ್ಲಿ ಐದು ಹಂತಗಳನ್ನು ದಾಟುತ್ತವೆ, ಕೆಲವು ಮುಂದೆ ಹೋಗಿವೆ, ಉಳಿದವು ಹಿಂದಿನಿಂದ ಬರುತ್ತಿವೆ, ಸಾಕಷ್ಟು ಬಂಡವಾಳ ಸಿಕ್ಕಿದೊಡನೆ ಅವೂ ನೆಲ ಬಿಟ್ಟು ಮೇಲೇಳುತ್ತವೆ ಎಂಬುದು ಅವನ ವಾದದ ತಿರುಳು. ಇದು ಇಷ್ಟು ಜನಪ್ರಿಯವಾಗಲು ಕಾರಣವಿದೆ. ಇದರಲ್ಲಿ ಯಾರೂ ತಪ್ಪಿತಸ್ಥರಲ್ಲ. ಮುಂದೆ ಹೋದವನಿಗೂ ಹಿಂದೆ ಉಳಿದವನಿಗೂ ಕೊಡುಕೊಳ್ಳುವ ಸಂಬಂಧವೇ ಇಲ್ಲ. ಹಿಂದೆ ಉಳಿದವನು ತಾಳ್ಮೆಯಿಂದ ಕಾದರಾಯಿತು.

ಆದರೆ ಸಂಬಂಧ ಇತ್ತು, ಈಗಲೂ ಇದೆ. ಬನ್ನೂರಿನ ಗದ್ದೆ ಬಯಲಿನ ಪಕ್ಕ ಹರಿದ ಕಾವೇರಿ ಟಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡನ್ನು ಬಳಸಿ, ಶಿವನಸಮುದ್ರದಲ್ಲಿ ಧುಮುಕುತ್ತದೆ. ಮೈಸೂರು ಸಂಸ್ಥಾನದ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಅಲ್ಲಿ ವಿದ್ಯುತ್ ಹುಟ್ಟಿತು. ಅಮೆರಿಕದಿಂದ ಯಂತ್ರ ಬಂದಿತ್ತು, ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಸಾಲಿಗೆ ಸೇರುವ ತಂತಿಮಾರ್ಗವನ್ನು ಎಳೆದಿದ್ದರು, ಸುಮಾರು 147 ಕಿಲೋಮೀಟರ್. ತಂತಿ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಗಣಿಯನ್ನು ನಡೆಸುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ, ಚಿನ್ನದ ಲಾಭ ಹೋಗುತ್ತಿದ್ದದ್ದೂ ಅಲ್ಲಿಯ ಷೇರುದಾರರಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನದಿಯ ದಂಡೆಯ ಹಳ್ಳಿಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಸಂಸ್ಥಾನಕ್ಕೆ ವಿದ್ಯುತ್ತಿನ ಮಾರಾಟದಿಂದ ಒಳ್ಳೆಯ ಆದಾಯ ಬಂತು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅದೇ ಸಂಸ್ಥಾನ ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ಕಟ್ಟುತ್ತಿತ್ತು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಇಲ್ಲಿ ತಡವಾದದ್ದು ಯಾವುದು? ಜಗತ್ತಿನ ಅತಿ ಹೊಸ ತಂತ್ರಜ್ಞಾನ ಈ ಸೀಮೆಯ ನೀರಿನ ಮೇಲೆಯೇ ನಡೆಯಿತು, ಅದೂ ಎಷ್ಟೋ ಯುರೋಪಿನ ಊರುಗಳಿಗಿಂತ ಮೊದಲು. ತಂತ್ರಜ್ಞಾನ ಬಂತು, ಬಂಡವಾಳವೂ ಬಂತು. ಪಾಲು ಮಾತ್ರ ಬರಲಿಲ್ಲ.

ರೇಷ್ಮೆಯ ವಿಷಯಕ್ಕೆ ಬರೋಣ. ಈ ಸೀಮೆಯಲ್ಲಿ ಎಷ್ಟೋ ಮನೆಗಳು ಹಿಪ್ಪುನೇರಳೆಯ ಮೇಲೆ ಬದುಕಿವೆ. ಹುಳು ಮೇಯಿಸುವ ಮನೆಯಲ್ಲಿ ಆ ಇಪ್ಪತ್ತೈದು ದಿನ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಚಾಕಿ ಎನ್ನುವ ಎಳೆ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳು ಪೊರೆ ಬಿಡುವ ನಾಲ್ಕು ಜ್ವರ ದಾಟುವವರೆಗೆ ಮನೆಮಂದಿ ಮದುವೆ ಮುಂಜಿಗೂ ಹೋಗುವಂತಿಲ್ಲ. ಕೊನೆಯ ಜ್ವರ ಎದ್ದ ಮೇಲೆ ಹುಳು ತಿನ್ನುವ ಸದ್ದು ಮಳೆ ಸುರಿದಂತೆ ಕೇಳುತ್ತದೆ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಬಹುಪಾಲು ಆ ಒಂದು ವಾರದಲ್ಲೇ ಖರ್ಚಾಗುತ್ತದೆ. ಹಾಲುತೊಂಡೆ ರೋಗ ಬಂದರೆ, ಸುಣ್ಣಕಟ್ಟು ರೋಗ ಬಂದರೆ, ಊಜಿ ನೊಣ ಒಳಗೆ ಸೇರಿದರೆ, ತಿಂಗಳ ದುಡಿಮೆ ಗುಂಡಿಗೆ. ಎಲ್ಲ ಸರಿಯಾಗಿ ನಡೆದು ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವಾಗ ರೈತನ ಕೈಯಲ್ಲಿರುವುದು ಕೆಲವೇ ದಿನ. ಗೂಡನ್ನು ಇಟ್ಟುಕೊಂಡು ಕೂತರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಆಮೇಲೆ ಅದರಿಂದ ನೂಲು ಬಿಚ್ಚುವಂತಿಲ್ಲ. ಆದ್ದರಿಂದ ಅಂದಿನ ಹರಾಜಿನಲ್ಲಿ ಕೂಗಿದ ದರಕ್ಕೆ ಒಪ್ಪಲೇಬೇಕು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರರಿಂದ ಎಂಟು ಕಿಲೋ ಗೂಡು ಬೇಕು. ಗೂಡು ಕೊಂಡು ನೂಲು ಬಿಚ್ಚಿದವರು ಅದನ್ನು ತಿಂಗಳುಗಟ್ಟಲೆ ಇಡಬಹುದು. ನೂಲು ನೇಯ್ದವರು ಸೀರೆಯನ್ನು ವರ್ಷಗಟ್ಟಲೆ ಇಡಬಹುದು. ಕಾಯಲು ಆಗದವನು ಬೆಲೆ ಕೇಳುವಂತಿಲ್ಲ.

ಜಗತ್ತಿನ ಬಡ ದೇಶಗಳ ಕಥೆ ಇದಕ್ಕಿಂತ ಬೇರೆಯಲ್ಲ. ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಷ್ 1950ರ ಹೊತ್ತಿಗೇ ಇದನ್ನು ಹೇಳಿದ್ದ: ಕಚ್ಚಾ ಸರಕು ಮಾರಿ ತಯಾರಾದ ಸರಕು ಕೊಳ್ಳುವ ದೇಶ, ವರ್ಷದಿಂದ ವರ್ಷಕ್ಕೆ ಅದೇ ಯಂತ್ರಕ್ಕೆ ಹೆಚ್ಚು ಮೂಟೆ ಸರಕನ್ನು ಕೊಡಬೇಕಾಗುತ್ತದೆ. ಅಂಥ ದೇಶ ಸೋಮಾರಿಯಾಗಿರಬೇಕಾಗಿಲ್ಲ, ತಡವಾಗಿ ಎದ್ದಿರಬೇಕಾಗಿಲ್ಲ. ಹೆಚ್ಚು ದುಡಿದಷ್ಟೂ ಹೆಚ್ಚು ಸರಕು ಮಾರುಕಟ್ಟೆಗೆ ಬಂದು ಬೆಲೆ ಇಳಿಯುತ್ತದೆ, ಅಷ್ಟೇ. ನಮ್ಮ ಟೊಮೆಟೊ ಬೆಳೆಗಾರರಿಗೆ ಇದನ್ನು ಯಾವ ಅರ್ಥಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿಲ್ಲ.

ರೇಷ್ಮೆಯಲ್ಲಿ ದೇಶದೇಶಗಳ ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಎಂಬುದು 2011ರಲ್ಲಿ ಬೆತ್ತಲಾಯಿತು. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಆಮದು ಕಚ್ಚಾ ರೇಷ್ಮೆಯ ಮೇಲಿನ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ನೇಕಾರರಿಗೆ ಅಗ್ಗದ ನೂಲು ಸಿಗಲಿ ಎಂಬುದು ಕಾರಣ. ನೇಕಾರರ ಕಷ್ಟ ನಿಜವೇ. ಆದರೆ ಚೀನಾದ ನೂಲಿನ ಬೆಲೆಗೆ ಎದುರಾಗಿ ನಮ್ಮ ಗೂಡಿನ ದರ ಕುಸಿಯಿತು, ರಾಮನಗರದ ಮಾರುಕಟ್ಟೆಯಲ್ಲಿ ರೈತರು ಬೀದಿಗಿಳಿದರು, ಕೆಲವರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಇಟ್ಟರು. 2013ರ ಬಜೆಟ್ಟಿನಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು. ಹೊಲದಲ್ಲಿ ಹಿಪ್ಪುನೇರಳೆ ನೆಟ್ಟು ಬೇರು ಬಿಡಿಸಿ ಸೊಪ್ಪು ಕಾಣಲು ಬೇಕಾದ ಕಾಲಕ್ಕೂ, ದೆಹಲಿಯಲ್ಲಿ ಒಂದು ಅಂಕಿ ತಿದ್ದಲು ಬೇಕಾದ ಕಾಲಕ್ಕೂ ಏನು ಹೋಲಿಕೆ? ಮನೆಯೊಳಗೆ ಬೆಳಗಿನ ಜಾವ ಎದ್ದು ಸೊಪ್ಪು ಹಾಕುವ ಹೆಂಗಸಿನ ಸಂಪಾದನೆ, ಅವಳ ಕೌಶಲದಿಂದಾಗಲಿ ಅವಳ ಶ್ರಮದಿಂದಾಗಲಿ ನಿರ್ಧಾರವಾಗಲಿಲ್ಲ. ಅವಳಿಗೆ ಕಾಣದ ಒಂದು ಸಾಲಿನಿಂದ ನಿರ್ಧಾರವಾಯಿತು.

ಜಪಾನ್ ಇದೇ ರೇಷ್ಮೆಯಿಂದ ಶ್ರೀಮಂತವಾಯಿತಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಜಮ್ಷೆಡ್‌ಜಿ ಟಾಟಾ 1890ರ ದಶಕದ ಕೊನೆಗೆ ಬೆಂಗಳೂರಿನ ಬಸವನಗುಡಿ ಬಳಿ ರೇಷ್ಮೆ ತೋಟ ಮಾಡಿ ಜಪಾನಿನಿಂದಲೇ ಪರಿಣತರನ್ನು ಕರೆಸಿದರು, ಆ ಜಾಗವನ್ನು ಇವತ್ತಿಗೂ ಟಾಟಾ ಸಿಲ್ಕ್ ಫಾರ್ಮ್ ಎನ್ನುತ್ತಾರೆ. ಅಂದರೆ ಆಗಲೇ ನಮಗೆ ಜಪಾನಿನ ವಿದ್ಯೆ ಗೊತ್ತಿತ್ತು, ಹುಳು ನಮ್ಮಲ್ಲಿತ್ತು, ಹವೆ ಇತ್ತು, ಕೈಗಳಿದ್ದವು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಜಪಾನ್ ಸರ್ಕಾರ 1872ರಲ್ಲಿ ತಾನೇ ಹಣ ಹಾಕಿ ತೊಮಿಯೋಕಾದಲ್ಲಿ ಫ್ರಾನ್ಸಿನ ಯಂತ್ರಗಳ ಮಾದರಿ ನೂಲು ಗಿರಣಿ ಕಟ್ಟಿತು. ಅಲ್ಲಿ ಕಲಿತ ಹೆಣ್ಣುಮಕ್ಕಳು ತಂತಮ್ಮ ಊರಿಗೆ ಹೋಗಿ ಕಲಿಸಿದರು. ಅದೇ ವರ್ಷ ಸರ್ಕಾರ ದೇಶಕ್ಕೆಲ್ಲ ಶಾಲೆಯ ಕಾಯಿದೆ ತಂದಿತು. ಮೈಸೂರು ಸಂಸ್ಥಾನದ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದದ್ದು 1913ರಲ್ಲಿ, ಅದೂ ಬ್ರಿಟಿಷ್ ಇಂಡಿಯಾದ ಬಹುಪಾಲು ಪ್ರಾಂತಗಳಿಗಿಂತ ಮೊದಲು. ಜಪಾನಿಗೂ ಅಸಮಾನ ಒಪ್ಪಂದಗಳ ಹಗ್ಗ ಕಟ್ಟಿತ್ತು, 1911ರವರೆಗೆ ತನ್ನ ಆಮದು ಸುಂಕವನ್ನು ತಾನೇ ಇಡುವ ಪೂರ್ಣ ಸ್ವಾತಂತ್ರ್ಯ ಅದಕ್ಕೂ ಇರಲಿಲ್ಲ. ಆದರೆ ಅದರ ಖಜಾನೆ ಅದರದೇ ಆಗಿತ್ತು. ರೇಷ್ಮೆ ಮಾರಿ ಬಂದ ಹಣದಲ್ಲಿ ಯಂತ್ರ ಕೊಂಡಿತು, ಆ ಯಂತ್ರದಿಂದ ಯಂತ್ರ ಮಾಡುವುದನ್ನು ಕಲಿಯಿತು. ನಮ್ಮ ರೇಷ್ಮೆಯ ಹಣ ಯಾರ ಖಜಾನೆಗೆ ಹೋಯಿತು, ನಮ್ಮ ಸುಂಕವನ್ನು ಯಾರು ಇಟ್ಟರು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ಈಗ ಚೀನಾದವರ ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರಗಳನ್ನು ಸಬ್ಸಿಡಿ ಕೊಟ್ಟು ತರಿಸಿಕೊಳ್ಳುತ್ತಿದ್ದೇವೆ. ಅಂದರೆ ನೂಲಿನಲ್ಲೂ ಅವರೇ, ನೂಲಿನ ಯಂತ್ರದಲ್ಲೂ ಅವರೇ.

ನಮ್ಮವರಿಗೆ ಸಾಮರ್ಥ್ಯವಿಲ್ಲ ಎಂದು ಯಾರೂ ಹೇಳದಿರಲಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಜಪಾನಿನ ನೆರವಿನೊಂದಿಗೆ ನಮ್ಮ ಬಿಸಿಲಿಗೆ ಒಗ್ಗುವ ದ್ವಿತಳಿ ಹುಳುಗಳನ್ನು ರೂಪಿಸಿತು, ಅವುಗಳ ಬಿಳಿ ಗೂಡು ಈಗ ಸಾಮಾನ್ಯ ರೈತನ ಮನೆಯಲ್ಲೂ ಬೆಳೆಯುತ್ತದೆ. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಇವತ್ತಿಗೂ ಸೀರೆ ನೇಯುತ್ತದೆ, ಅದಕ್ಕೆ ನೂಲು ಒದಗಿಸುವ ಸರ್ಕಾರಿ ಘಟಕ ಟಿ. ನರಸೀಪುರದಲ್ಲೇ ಇದೆ. ಆ ಸೀರೆಯನ್ನು ಕೊಳ್ಳಲು ಅಂಗಡಿಯ ಮುಂದೆ ಬೆಳಗ್ಗೆಯೇ ಸಾಲು ನಿಲ್ಲುತ್ತಾರೆ. ನೂಲು ಬಿಚ್ಚುವುದರಿಂದ ಸೀರೆ ನೇಯುವವರೆಗೆ ಒಂದೇ ಜಿಲ್ಲೆಯಲ್ಲಿ, ಒಂದೇ ಸಾರ್ವಜನಿಕ ಸಂಸ್ಥೆಯ ಕೈಯಲ್ಲಿ ಇರುವ ಇಂಥ ಕೊಂಡಿ ಇನ್ನೆಷ್ಟು ಕಡೆ ಇದೆ? ಇದನ್ನು ಹತ್ತು ಪಟ್ಟು ಬೆಳೆಸಿ ಎಂದು ಯಾವ ಹೂಡಿಕೆ ಸಮಾವೇಶದಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಿದ್ದರೆ ಕಾರ್ಖಾನೆ ಬೇಡವೇ? ನನ್ನ ವಾದವನ್ನು ಹೀಗೆ ತಿರುಚುವುದು ಸುಲಭ, ಆದ್ದರಿಂದ ನೇರವಾಗಿ ಉತ್ತರಿಸುತ್ತೇನೆ. ನಂಜನಗೂಡಿಗೆ ಕಾರ್ಖಾನೆಗಳು ಬಂದು ದಶಕಗಳಾದವು. ಕಾಗದ, ಔಷಧಿ, ಬಣ್ಣ ಎಲ್ಲ ಅಲ್ಲಿದೆ. ಸ್ವಿಟ್ಜರ್ಲೆಂಡಿನ ನೆಸ್ಲೆ 1989ರಲ್ಲಿ ಕಾಫಿ ಪುಡಿಯ ಕಾರ್ಖಾನೆ ತೆರೆಯಿತು. ಆಸ್ಟ್ರಿಯಾದ ಎಟಿ ಅಂಡ್ ಎಸ್ ಎಲೆಕ್ಟ್ರಾನಿಕ್ಸಿಗೆ ಬೇಕಾದ ಸರ್ಕ್ಯೂಟ್ ಫಲಕ ಮಾಡುತ್ತದೆ. ಅಲ್ಲಿ ದುಡಿದು ಮಕ್ಕಳನ್ನು ಓದಿಸಿದ ಸಂಸಾರಗಳಿವೆ, ಆ ಸಂಬಳವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ಕಾರ್ಖಾನೆ ಬಂದರೆ ಅಂತರ ಮುಚ್ಚುತ್ತದೆ ಎಂಬ ಮಾತನ್ನು ಅದೇ ನಂಜನಗೂಡಿನಲ್ಲಿ ಪರೀಕ್ಷಿಸಬಹುದು. ಭಾರತದ ತಲಾ ಆದಾಯ ಇವತ್ತು 3 ಸಾವಿರ ಡಾಲರಿಗಿಂತ ಕಡಿಮೆ, ಆಸ್ಟ್ರಿಯಾದ್ದು 50 ಸಾವಿರ ಡಾಲರಿಗೂ ಮೇಲೆ. ಯಂತ್ರ ಒಂದೇ, ಫಲಕ ಒಂದೇ. ವಿನ್ಯಾಸ, ಪೇಟೆಂಟು, ಬ್ರ್ಯಾಂಡು, ಬೆಲೆ ಕಟ್ಟುವ ಅಧಿಕಾರ ಎಲ್ಲಿವೆಯೋ ಹಣ ಅಲ್ಲಿ ನಿಲ್ಲುತ್ತದೆ. ನೆಸ್ಲೆ ಇಲ್ಲಿ ಬಾಗಿಲು ತೆರೆದ 1989ರಲ್ಲೇ, ಕಾಫಿ ಬೆಲೆಯನ್ನು ಹಿಡಿದು ನಿಲ್ಲಿಸಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದು ಬಿತ್ತು. ಮುಂದಿನ ವರ್ಷಗಳಲ್ಲಿ ಜಗತ್ತಿನಾದ್ಯಂತ ಬೀಜದ ಬೆಲೆ ನೆಲ ಕಚ್ಚಿತು. ಎರಡೂ ಒಂದೇ ವರ್ಷ ಆದದ್ದು ಕಾಕತಾಳೀಯ. ಆದರೆ ಬೀಜ ಬೆಳೆಯುವವನು ಬೀಳುವಾಗ ಡಬ್ಬಿ ಮಾರುವವನು ಬೀಳುವುದಿಲ್ಲ ಎಂಬುದು ಆಗ ಎಲ್ಲರಿಗೂ ಕಂಡಿತು.

ಬನ್ನೂರಿನಿಂದ ಹೆಚ್ಚು ದೂರವಿಲ್ಲದ ಶ್ರೀರಂಗಪಟ್ಟಣದಲ್ಲಿ 2020ರ ಜೂನ್ ತಿಂಗಳಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಸಿದ್ಧ ಉಡುಪಿನ ಘಟಕವೊಂದು ಕೋವಿಡ್ ಕಾಲದಲ್ಲಿ ಆರ್ಡರ್ ಇಲ್ಲವೆಂದು 1,200ಕ್ಕೂ ಹೆಚ್ಚು ಕಾರ್ಮಿಕರನ್ನು ಕೆಲಸದಿಂದ ನಿಲ್ಲಿಸಿತು. ಬಹುತೇಕ ಎಲ್ಲರೂ ಹೆಂಗಸರು. ಅವರು ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಬಟ್ಟೆ. ಅವರು ಗೇಟಿನ ಮುಂದೆ ವಾರಗಟ್ಟಲೆ ಕುಳಿತರು, ಕಾರ್ಮಿಕ ಸಂಘ ಹೋರಾಡಿತು, 2021ರಲ್ಲಿ ಒಪ್ಪಂದವಾಯಿತು. ಇಲ್ಲಿ ನೆನಪಿಡಬೇಕಾದದ್ದು ಇಷ್ಟು: ಆರ್ಡರ್ ಕೊಡುವವರು ಸ್ಟಾಕ್‌ಹೋಮಿನಲ್ಲಿ, ಹೊಲಿಯುವವರು ಹಳ್ಳಿಯಿಂದ ಬಸ್ಸು ಹಿಡಿದು ಬರುವವರು. ಕಷ್ಟಕಾಲ ಬಂದಾಗ ಆ ಕಷ್ಟ ಹೆಗಲಿಂದ ಹೆಗಲಿಗೆ ಇಳಿದು ಕೊನೆಗೆ ಬಂದು ನಿಂತದ್ದು ಅತಿ ಕಡಿಮೆ ಸಂಬಳದವಳ ಮೇಲೆ. ಗೂಡು ಮಾರುವ ರೈತ ಕಾಯಲಾರ ಎಂದೆನಲ್ಲ, ಇವಳೂ ಕಾಯಲಾರಳು.

ಪೂರ್ವ ಏಷ್ಯಾದ ದೇಶಗಳು ಬಂಡವಾಳ ಕರೆದೇ ಮೇಲೆ ಬಂದವು ಎಂಬ ವಾದ ಪದೇ ಪದೇ ಬರುತ್ತದೆ. ಕರೆದವು, ಷರತ್ತು ಹಾಕಿ ಕರೆದವು. ಚೀನಾದಲ್ಲಿ ವಿದೇಶಿ ಕಾರು ಕಂಪನಿ ಸ್ಥಳೀಯ ಪಾಲುದಾರನಿಗೆ ಅರ್ಧ ಪಾಲು ಬಿಡದೆ ದಶಕಗಳವರೆಗೆ ಕಾರ್ಖಾನೆ ಹಾಕುವಂತಿರಲಿಲ್ಲ. ದಕ್ಷಿಣ ಕೊರಿಯಾ ಉಕ್ಕಿನ ಕಾರ್ಖಾನೆ ಕಟ್ಟಲು ಹೊರಟಾಗ ವಿಶ್ವಬ್ಯಾಂಕ್ ಅದು ಲಾಭದ ಮಾತಲ್ಲ ಎಂದಿತು. ಕೊರಿಯಾ ಕೇಳಲಿಲ್ಲ, ಜಪಾನಿನಿಂದ ಬಂದ ವಸಾಹತು ಕಾಲದ ಪರಿಹಾರದ ಹಣ ಹಾಕಿ ಕಟ್ಟಿತು, 1968ರಲ್ಲಿ ಸ್ಥಾಪನೆಯಾದ ಆ ಪೋಸ್ಕೊ ಜಗತ್ತಿನ ದೊಡ್ಡ ಉಕ್ಕು ತಯಾರಕರಲ್ಲೊಂದಾಯಿತು. ಇವತ್ತು ನಾವು ಸ್ಥಳೀಯ ಸರಕನ್ನೇ ಬಳಸಬೇಕು ಎಂಬಂಥ ಷರತ್ತು ಹಾಕಿದರೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ ಅಡ್ಡ ಬರುತ್ತದೆ. ಸೌರಫಲಕಗಳಲ್ಲಿ ದೇಶೀ ಭಾಗ ಇರಲೇಬೇಕು ಎಂದು ಭಾರತ ಹೇಳಿದ್ದಕ್ಕೆ ಅಮೆರಿಕ ದೂರು ಕೊಟ್ಟು 2016ರಲ್ಲಿ ಗೆದ್ದಿತು. ಮೇಲೆ ಹತ್ತಿದವರು ಏಣಿಯನ್ನು ಒದ್ದು ಬೀಳಿಸಿದ್ದಾರೆ ಎಂದು ಕೊರಿಯಾ ಮೂಲದ ಅರ್ಥಶಾಸ್ತ್ರಜ್ಞ ಹಾ-ಜೂನ್ ಚಾಂಗ್ 2002ರಲ್ಲಿ ಇಡೀ ಪುಸ್ತಕ ಬರೆದು ತೋರಿಸಿದರು. ಆ ಏಣಿಯ ಬುಡದಲ್ಲಿ ನಿಂತವನಿಗೆ ‘ನೀನು ತಡವಾಗಿ ಬಂದೆ’ ಎನ್ನುವುದು ಅನ್ಯಾಯದ ಮೇಲೆ ಅವಮಾನ.

ಏಣಿ ಹತ್ತಿದ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ಮೊದಲ ಮಹಾಯುದ್ಧದವರೆಗೆ ಮೈಸೂರಿನ ಕಾಡಿನ ಗಂಧದ ಮರವನ್ನು ಹರಾಜು ಹಾಕಿ ಹಡಗಿಗೆ ಏರಿಸುತ್ತಿದ್ದರು. ಎಣ್ಣೆ ತೆಗೆಯುತ್ತಿದ್ದದ್ದು ಬಹುಪಾಲು ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಶುರುವಾಗಿ ಆ ಮಾರುಕಟ್ಟೆ ಮುಚ್ಚಿತು, ಮರ ರಾಶಿ ಬಿತ್ತು. ಆಗ ದಿವಾನ್ ಎಂ. ವಿಶ್ವೇಶ್ವರಯ್ಯನವರ ಸರ್ಕಾರ ಹೊಸ ಕೊಳ್ಳುವವರನ್ನು ಹುಡುಕುತ್ತಾ ಕೂರಲಿಲ್ಲ. ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಮತ್ತು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರನ್ನು ಸೇರಿಸಿ ಎಣ್ಣೆ ತೆಗೆಯುವ ಪ್ರಯೋಗ ಮಾಡಿಸಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ನಿಂತಿತು. 1918ರಲ್ಲಿ ಸಾಬೂನು ಬಂತು. ಮರ ಅದೇ, ಕಾಡು ಅದೇ, ಜನ ಅದೇ. ಎರಡು ವರ್ಷದ ಹಿಂದೆ ‘ಹಿಂದುಳಿದಿದ್ದ’ ಸಂಸ್ಥಾನ ಜಗತ್ತಿನ ಗಂಧದೆಣ್ಣೆಯ ಬೆಲೆ ಕಟ್ಟುವ ಸ್ಥಾನಕ್ಕೆ ಬಂತು. ಎರಡು ವರ್ಷದಲ್ಲಿ ರೋಸ್ಟೋ ಹೇಳಿದ ಐದು ಹಂತ ದಾಟಿದ್ದರಿಂದ ಇದು ಆಗಲಿಲ್ಲ. ಬೆಲೆ ಹುಟ್ಟುವ ಕೆಲಸವನ್ನು ಮರ ಇದ್ದ ಕಡೆಗೆ ತಂದದ್ದರಿಂದ ಆಯಿತು. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಹೂಡಿಕೆ ಸಮಾವೇಶ ಉದ್ಘಾಟಿಸುವವರು ಈ ಒಂದು ಅಧ್ಯಾಯವನ್ನಾದರೂ ಓದಬೇಕು.

ಇನ್ನು ಬನ್ನೂರು ಕುರಿ. ಗಿಡ್ಡ ಕಾಲು, ತುಂಬಿದ ಹಿಂಭಾಗ, ಬಾಯಲ್ಲಿ ಕರಗುವ ಮಾಂಸ. ಬೆಂಗಳೂರಿನ ಹೋಟೆಲು, ಮಾಂಸದಂಗಡಿಗಳ ಬೋರ್ಡಿನ ಮೇಲೆ ಊರಿನ ಹೆಸರು ರಾರಾಜಿಸುತ್ತದೆ, ಆ ಹೆಸರಿಗೇ ದರ ಹೆಚ್ಚು. ಆ ಬೋರ್ಡಿನಡಿ ಮಾರುವುದೆಲ್ಲ ಇಲ್ಲಿಯ ತಳಿಯೇ ಎಂದು ಖಾತರಿ ಪಡಿಸುವ ವ್ಯವಸ್ಥೆ ಗಿರಾಕಿಗೆ ಕಾಣುವುದಿಲ್ಲ. ಬನ್ನೂರು, ಮಳವಳ್ಳಿ ಕಡೆ ಶುದ್ಧ ತಳಿ ಉಳಿಸಿಕೊಂಡ ಕೆಲವೇ ಮನೆಯವರಿಗೆ ಆ ಹೆಸರಿನ ಗಳಿಕೆಯಲ್ಲಿ ಕಾಸೂ ಬರುವುದಿಲ್ಲ. ಫ್ರಾನ್ಸಿನ ಒಂದು ಸೀಮೆಯ ಹೊರಗೆ ತಯಾರಾದ ಮದ್ಯಕ್ಕೆ ಶಾಂಪೇನ್ ಎಂದು ಹೆಸರಿಟ್ಟರೆ ಯುರೋಪಿನ ಕೋರ್ಟು ಬಾಗಿಲು ತಟ್ಟುತ್ತದೆ. ಪಕ್ಕದ ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದರೂ ಸೊರಗು ರೋಗದಿಂದ ತೋಟಗಳೇ ಕರಗಿಹೋದವು. ರೋಗಕ್ಕೆ ಸಂಶೋಧನೆ, ಬೆಳೆಗಾರನಿಗೆ ಖರೀದಿ ಭರವಸೆ ಇಲ್ಲದೆ ಬರೀ ಪ್ರಮಾಣಪತ್ರ ಏನು ಮಾಡೀತು?

ವಿಶ್ವಬ್ಯಾಂಕಿನ 2024ರ ವರದಿಯೇ ಒಂದು ಲೆಕ್ಕ ಕೊಡುತ್ತದೆ. ಈಗಿನ ದಾರಿಯಲ್ಲೇ ಹೋದರೆ ಭಾರತದ ತಲಾ ಆದಾಯ ಅಮೆರಿಕದ ತಲಾ ಆದಾಯದ ಕಾಲುಭಾಗ ಮುಟ್ಟಲು 75 ವರ್ಷ ಬೇಕು. ಪೂರ್ತಿಯಲ್ಲ, ಕಾಲುಭಾಗ. 1990ರಿಂದ ಈಚೆಗೆ ಮಧ್ಯಮ ಆದಾಯದಿಂದ ಮೇಲಿನ ವರ್ಗಕ್ಕೆ ದಾಟಿದ್ದು 34 ದೇಶಗಳು ಮಾತ್ರ, ಅವುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವು ಯುರೋಪಿನ ಒಕ್ಕೂಟ ಸೇರಿ ಅಥವಾ ತೈಲ ಸಿಕ್ಕಿ ದಾಟಿದವು. ಕಾಯಿರಿ ಎನ್ನುವವರು ಈ ಅಂಕಿಗಳನ್ನು ವೇದಿಕೆಯಲ್ಲಿ ಓದಿ ಹೇಳಲಿ. ಇಂದು ಬನ್ನೂರಿನ ಅಂಗನವಾಡಿಯಲ್ಲಿರುವ ಮಗುವಿಗೆ ಆಗ ಎಂಬತ್ತು ವರ್ಷ ಸಮೀಪಿಸಿರುತ್ತದೆ.

ಕಾಯುವ ಹೊತ್ತಿನಲ್ಲಿ ಕೈಯಲ್ಲಿದ್ದದ್ದೂ ಜಾರುತ್ತಿದೆ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯಿಂದ ಈ ಸೀಮೆಯ ಎಷ್ಟೋ ಗೇಣಿದಾರರು ಹೊಲದ ಒಡೆಯರಾದರು. 2020ರಲ್ಲಿ ಅದೇ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದು ಮಾಡಿದರು. ಬಂಡವಾಳ ಬರಲಿ ಎಂಬುದೇ ಆಗಲೂ ಕೊಟ್ಟ ಕಾರಣ. ನಾಲೆ ನೀರಿನ ಎಕರೆಯನ್ನು ಒಮ್ಮೆ ಮಾರಿದ ಮನೆಗೆ ಅದನ್ನು ಮತ್ತೆ ಕೊಳ್ಳುವ ಶಕ್ತಿ ಬರುವುದಿಲ್ಲ.

2025ರ ಫೆಬ್ರುವರಿಯ ಬೆಂಗಳೂರು ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂದಿದೆ ಎಂದು ಸರ್ಕಾರ ಪ್ರಕಟಿಸಿತು. ಅದರಲ್ಲಿ ಒಂದು ಭಾಗ ನಂಜನಗೂಡು, ನರಸೀಪುರದ ಕಡೆಗೂ ಬರಬಹುದು, ಬರಲಿ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇಲ್ಲಿಯ ಗ್ರಾಮ ಸಭೆಗಳು, ಪುರಸಭೆ, ಶಾಸಕರು ಕೆಲವು ವಿಷಯಗಳನ್ನು ಬರವಣಿಗೆಯಲ್ಲಿ ಕೇಳಬೇಕು. ಎಷ್ಟು ಕೆಲಸ ಕಾಯಂ, ಎಷ್ಟು ಗುತ್ತಿಗೆ. ವಿನ್ಯಾಸ, ಸಂಶೋಧನೆಯ ಕೆಲಸದಲ್ಲಿ ಎಷ್ಟು ಪಾಲು ಇಲ್ಲಿ ಆಗುತ್ತದೆ. ಬಿಡಿಭಾಗ, ಕಚ್ಚಾ ಸರಕಿನಲ್ಲಿ ಎಷ್ಟನ್ನು ಈ ಜಿಲ್ಲೆಯಿಂದ ಕೊಳ್ಳುತ್ತೀರಿ. ಭೂಮಿಯನ್ನು ಕ್ರಯಕ್ಕೆ ಕೇಳುತ್ತೀರೋ ಗೇಣಿಗೋ, ಗೇಣಿಯಾದರೆ ವರ್ಷಕ್ಕೆ ಎಷ್ಟು ಏರಿಕೆ. ಕಪಿಲೆಯಿಂದ ಎಷ್ಟು ನೀರು ಎತ್ತುತ್ತೀರಿ, ಎಂಥ ನೀರನ್ನು ಮರಳಿ ಬಿಡುತ್ತೀರಿ. ಸರ್ಕಾರಕ್ಕೂ ಒಂದು ಬೇಡಿಕೆ ಇಡಬೇಕು: ಹೊರಗಿನವರಿಗೆ ಕೊಡುವ ಭೂಮಿ, ತೆರಿಗೆ ರಿಯಾಯಿತಿಯ ಒಂದು ಪಾಲನ್ನು ಟಿ. ನರಸೀಪುರದ ರೇಷ್ಮೆ ಘಟಕಕ್ಕೆ, ರೈತರೇ ಸೇರಿ ನಡೆಸುವ ನೂಲು ಬಿಚ್ಚುವ ಸಂಘಗಳಿಗೆ, ಗೂಡನ್ನು ಒಣಗಿಸಿ ದರ ಬರುವವರೆಗೆ ಇಟ್ಟುಕೊಳ್ಳುವ ಸೌಕರ್ಯಕ್ಕೆ ಕೊಡಿ. ಹಬೆ ಹಾಯಿಸಿ ಒಣಗಿಸಿದ ಗೂಡಿನಿಂದ ಚಿಟ್ಟೆ ಹೊರಬರುವುದಿಲ್ಲ. ಅದು ತಿಂಗಳುಗಟ್ಟಲೆ ಉಳಿಯುತ್ತದೆ, ಹರಾಜಿನಲ್ಲಿ ಕೂಗಿದ ದರ ಸಾಲದು ಎಂದು ರೈತ ಗೂಡನ್ನು ಮನೆಗೆ ವಾಪಸ್ ತರಬಹುದು.